ಕಂಪನಿಯಲ್ಲಿ ನಿಮ್ಮ ಪಾಲು: ಬೋನಸ್, ಇಸಾಪ್, ಸಹಕಾರ ಸಂಘದ ಲೆಕ್ಕಾಚಾರ

ಬೆಂಗಳೂರಿನ ಸ್ಟಾರ್ಟಪ್‌ಗಳ ಆಫರ್ ಲೆಟರ್‌ಗಳಲ್ಲಿ ಈಗ ಇಂಥ ಒಂದು ಸಾಲು ಮಾಮೂಲು: ವರ್ಷಕ್ಕೆ 18 ಲಕ್ಷ ಸಂಬಳ, ಜೊತೆಗೆ 4 ಲಕ್ಷ ರೂಪಾಯಿಯ ಇಸಾಪ್, ಅಂದರೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕು. ಓದಿದವರು ಎರಡನ್ನೂ ಕೂಡಿ 22 ಲಕ್ಷ ಎಂದುಕೊಳ್ಳುತ್ತಾರೆ, ಮನೆಯಲ್ಲೂ ಹಾಗೆಯೇ ಹೇಳುತ್ತಾರೆ. ಆದರೆ ಆ 4 ಲಕ್ಷ ಬಹುಮಟ್ಟಿಗೆ ನಾಲ್ಕು ವರ್ಷಕ್ಕೆ ಸೇರಿ ಹೇಳಿದ ಮೊತ್ತವಾಗಿರುತ್ತದೆ. ಅದು ಮುಂದೆ ಹತ್ತು ಪಟ್ಟು ಬೆಳೆಯಬಹುದು, ಸೊನ್ನೆಯೂ ಆಗಬಹುದು. ಕೈಯಿಂದ ಹಣ ಹಾಕಿ ಕಳೆದುಕೊಳ್ಳುವ ಸಂದರ್ಭವೂ ಬರಬಹುದು. ಇದರಲ್ಲಿ ಯಾವುದು ಆಗುತ್ತದೆ ಎಂಬುದನ್ನು ಕಂಪನಿಯ ಏಳಿಗೆ ಒಂದೇ ನಿರ್ಧರಿಸುವುದಿಲ್ಲ. ಆ ಸಾಲಿನ ಹಿಂದಿರುವ ಷರತ್ತುಗಳೂ ನಿರ್ಧರಿಸುತ್ತವೆ.

ದುಡಿಯುವವರಿಗೆ ಸಂಸ್ಥೆಯಲ್ಲಿ ಮೂರು ಬಗೆಯ ಪಾಲು ಸಿಗಬಹುದು. ಒಂದು, ಲಾಭದಲ್ಲಿ ಪಾಲು: ವರ್ಷದ ಬೋನಸ್ ಈ ಬಗೆಯದು. ಎರಡು, ಒಡೆತನದಲ್ಲಿ ಪಾಲು: ಷೇರು. ಮೂರು, ಆಡಳಿತದಲ್ಲಿ ಪಾಲು: ಲಾಭವನ್ನು ಏನು ಮಾಡಬೇಕು, ಯಾರು ನಡೆಸಬೇಕು ಎಂದು ತೀರ್ಮಾನಿಸುವ ಹಕ್ಕು. ಒಂದು ಸಿಕ್ಕರೆ ಉಳಿದೆರಡೂ ಸಿಕ್ಕಂತೆ ಎಂದು ಭಾವಿಸಿದಲ್ಲೇ ನಿರಾಸೆ ಹುಟ್ಟುತ್ತದೆ. ನಿಮಗೆ ಕೊಡುತ್ತಿರುವುದು ಯಾವ ಪಾಲು, ಅದು ಯಾವತ್ತು ನಿಮ್ಮದಾಗುತ್ತದೆ, ಯಾವತ್ತು ದುಡ್ಡಾಗುತ್ತದೆ ಎಂಬುದು ತಿಳಿದಿರಬೇಕು.

ಬೋನಸ್: ಕಾನೂನು ಕೊಡಿಸುವ ಲಾಭದ ಪಾಲು

ಆಯುಧಪೂಜೆ, ದೀಪಾವಳಿ ಹೊತ್ತಿಗೆ ಬರುವ ಬೋನಸ್ಸನ್ನು ಮಾಲೀಕರ ಹಬ್ಬದ ಉಡುಗೊರೆ ಎಂದು ತಿಳಿದವರು ಈಗಲೂ ಇದ್ದಾರೆ. 1965ರ ಬೋನಸ್ ಪಾವತಿ ಕಾಯ್ದೆ ಬಂದ ಮೇಲೆ ಅದು ನೌಕರರ ಹಕ್ಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ, ವರ್ಷದಲ್ಲಿ ಕನಿಷ್ಠ 30 ದಿನ ದುಡಿದ ಅರ್ಹ ನೌಕರರಿಗೆಲ್ಲ ಬೋನಸ್ ಕೊಡಬೇಕು. ಕನಿಷ್ಠ ಪ್ರಮಾಣ ವೇತನದ ಶೇ 8.33, ಅಂದರೆ ಹನ್ನೆರಡನೇ ಒಂದು ಭಾಗ. ಗರಿಷ್ಠ ಶೇ 20. ಕಂಪನಿಗೆ ನಷ್ಟವಾದ ವರ್ಷವೂ ಶೇ 8.33 ತಪ್ಪುವುದಿಲ್ಲ. ಹೊಸದಾಗಿ ಶುರುವಾದ ಸಂಸ್ಥೆಗೆ ಮಾತ್ರ ಮೊದಲ ಐದು ವರ್ಷ, ಲಾಭ ಬಂದ ವರ್ಷ ಬಿಟ್ಟು, ವಿನಾಯಿತಿ ಇದೆ.

ಕೈಗೆ ಬರುವ ಮೊತ್ತ ಹಲವರ ನಿರೀಕ್ಷೆಗಿಂತ ಕಡಿಮೆ ಇರುವುದಕ್ಕೆ ಕಾರಣ ಲೆಕ್ಕದ ಕ್ರಮ. 2015ರ ತಿದ್ದುಪಡಿಯಂತೆ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರು ಅರ್ಹರು. ಆದರೆ ಲೆಕ್ಕ ಹಾಕುವಾಗ ಹಿಡಿಯುವುದು 7,000 ರೂಪಾಯಿ ಅಥವಾ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ಪಡೆಯುವ ಕಾರ್ಮಿಕರೊಬ್ಬರ ಕೆಲಸಕ್ಕೆ ಕನಿಷ್ಠ ವೇತನ 13,000 ಎಂದಿಟ್ಟುಕೊಳ್ಳಿ. ಆಗ ಬೋನಸ್ಸಿಗೆ ಆಧಾರ 13,000. ಹನ್ನೆರಡು ತಿಂಗಳಿಗೆ 1,56,000. ಅದರ ಶೇ 8.33 ಎಂದರೆ ಸುಮಾರು 13,000. ಶೇ 20 ಎಂದರೆ 31,200. ಈ ಎರಡು ಅಂಕಿಗಳ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು ಹಂಚಲು ಸಿಗುವ ಹೆಚ್ಚುವರಿ ಲಾಭದ ಮೇಲೆ ಹೋಗುತ್ತದೆ. ಒಳ್ಳೆಯ ವರ್ಷದಲ್ಲಿ ಶೇ 20ನ್ನು ಮೀರಿ ಉಳಿದ ಹೆಚ್ಚುವರಿಯನ್ನು, ಕಾಯ್ದೆ ಹಾಕಿದ ಮಿತಿಯೊಳಗೆ, ಮುಂದಿನ ನಾಲ್ಕು ವರ್ಷಗಳವರೆಗೆ ಒಯ್ದು ಕೆಟ್ಟ ವರ್ಷದ ಬೋನಸ್ಸಿಗೆ ತುಂಬಲು ಅವಕಾಶವಿದೆ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಹಣ ಪಾವತಿಯಾಗಬೇಕು. ಮಾರ್ಚ್‌ಗೆ ಲೆಕ್ಕ ಮುಗಿಸುವ ಸಂಸ್ಥೆಗೆ ನವೆಂಬರ್ ಕೊನೆಯೇ ಗಡುವು.

ಈ ಕಾಯ್ದೆಯ ತಿರುಳು ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಶೇ 8.33 ಮತ್ತು ಶೇ 20ರ ಮಿತಿಗಳು ಅಲ್ಲೂ ಹಾಗೆಯೇ ಇವೆ. ಅರ್ಹತೆಯ ವೇತನ ಮಿತಿಯನ್ನು ಸರ್ಕಾರ ಅಧಿಸೂಚನೆ ಮೂಲಕ ನಿಗದಿ ಮಾಡುತ್ತದೆ. ವರ್ಷದ ನಡುವೆ ಕೆಲಸ ಬಿಟ್ಟವರು ಗಮನಿಸಬೇಕಾದ ಮಾತೊಂದಿದೆ: 30 ದಿನ ದುಡಿದಿದ್ದರೆ ಆ ಅವಧಿಯ ಬೋನಸ್ ನಿಮಗೆ ಸೇರಿದ್ದು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಕೇಳಿ ಪಡೆಯಿರಿ.

ಇನ್ಫೊಸಿಸ್ 1994ರಲ್ಲಿ ಮಾಡಿದ್ದು

ಲಾಭದ ಪಾಲು ವರ್ಷಕ್ಕೊಮ್ಮೆ ಬಂದು ಮುಗಿಯುತ್ತದೆ. ಒಡೆತನದ ಪಾಲು ಕಂಪನಿಯ ಜೊತೆ ಬೆಳೆಯುತ್ತದೆ. ಇದು ಸಾಮಾನ್ಯ ನೌಕರರ ಬದುಕನ್ನೂ ಬದಲಿಸಬಲ್ಲದು ಎಂಬ ಅರಿವು ನಮ್ಮಲ್ಲಿ ಹರಡಿದ್ದು ಹೆಚ್ಚಾಗಿ ಬೆಂಗಳೂರಿನ ಇನ್ಫೊಸಿಸ್‌ನಿಂದ.

1981ರಲ್ಲಿ ಏಳು ಜನ ಸೇರಿ ಕಟ್ಟಿದ ಈ ಕಂಪನಿ 1993ರಲ್ಲಿ ಸಾರ್ವಜನಿಕರಿಗೆ ತಲಾ 95 ರೂಪಾಯಿಗೆ ಷೇರು ಮಾರಿತು. ಮರುವರ್ಷ ನೌಕರರಿಗಾಗಿ ಒಂದು ಟ್ರಸ್ಟ್ ರಚಿಸಿ, ಅದಕ್ಕೆ 7,50,000 ವಾರಂಟ್‌ಗಳನ್ನು ತಲಾ 1 ರೂಪಾಯಿಗೆ ಕೊಟ್ಟಿತು. ಟ್ರಸ್ಟ್ ಅವನ್ನು ಆಯ್ದ ನೌಕರರಿಗೆ ಅದೇ 1 ರೂಪಾಯಿಗೆ ವರ್ಗಾಯಿಸುತ್ತಿತ್ತು. ನೌಕರರು ಒಂದು ವರ್ಷ ವಾರಂಟ್ ಇಟ್ಟುಕೊಂಡು, ಆಮೇಲೆ ಉಳಿದ 99 ರೂಪಾಯಿ ಕಟ್ಟಿದರೆ ಒಂದು ಷೇರು. ಆದರೆ ಆ ಷೇರು ತಕ್ಷಣ ಕೈಗೆ ಬರುತ್ತಿರಲಿಲ್ಲ. ಅದು ಟ್ರಸ್ಟ್‌ನ ವಶದಲ್ಲೇ ಇರುತ್ತಿತ್ತು, ಮಾರುವಂತಿರಲಿಲ್ಲ, ಐದು ವರ್ಷ ಕೆಲಸದಲ್ಲಿ ಮುಂದುವರಿಯಬೇಕಿತ್ತು. ನಡುವೆ ಬಿಟ್ಟುಹೋದರೆ ಷೇರನ್ನು 100 ರೂಪಾಯಿಗೇ ಟ್ರಸ್ಟ್‌ಗೆ ಮರಳಿಸಬೇಕಿತ್ತು.

ಐದು ವರ್ಷ ಕಾದವರಿಗೆ ಏನು ಸಿಕ್ಕಿತು ಎಂಬುದನ್ನು ಷೇರುಗಳ ಸಂಖ್ಯೆಯಿಂದಲೇ ಊಹಿಸಬಹುದು. 1997 ಮತ್ತು 1999ರಲ್ಲಿ ಒಂದಕ್ಕೊಂದು ಬೋನಸ್ ಷೇರು, 2000ದಲ್ಲಿ ಮುಖಬೆಲೆ 10ರಿಂದ 5 ರೂಪಾಯಿಗೆ ವಿಭಜನೆ, 2004ರಲ್ಲಿ ಒಂದಕ್ಕೆ ಮೂರು, ಮುಂದೆ 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. 1997ರ ಬೋನಸ್ಸಿಗೆ ಮುಂಚೆ ಇದ್ದ ಒಂದು ಷೇರನ್ನು ಮಾರದೆ ಇಟ್ಟುಕೊಂಡಿದ್ದರೆ 2018ರಲ್ಲಿ ಅದು 512 ಷೇರು.

ಈ ಯೋಜನೆಗೆ ತೆರಿಗೆ ಜಗಳವೂ ಅಂಟಿಕೊಂಡಿತ್ತು. ಮಾರುಕಟ್ಟೆ ಬೆಲೆಗೂ ನೌಕರರು ಕಟ್ಟಿದ 100 ರೂಪಾಯಿಗೂ ಇದ್ದ ವ್ಯತ್ಯಾಸವನ್ನು ಸಂಬಳದ ಭಾಗವೆಂದು ಕಂಡು ಕಂಪನಿ ತೆರಿಗೆ ಮುರಿಯಬೇಕಿತ್ತು ಎಂಬುದು ಆದಾಯ ತೆರಿಗೆ ಇಲಾಖೆಯ ವಾದ. ಮಾರಲಾಗದ, ಕೈಗೆ ಬಾರದ ಷೇರಿನಿಂದ ಆದಾಯ ಬಂತು ಎನ್ನಲಾಗದು ಎಂದು 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಆ ತೀರ್ಪು ಹಳೆಯ ವರ್ಷಗಳಿಗೆ ಸಂಬಂಧಿಸಿದ್ದು. ಆಮೇಲೆ ಕಾನೂನು ಬದಲಾಗಿದೆ. ಈಗ ಷೇರು ಮಾರದಿದ್ದರೂ ತೆರಿಗೆ ಬೀಳುತ್ತದೆ.

ಇಸಾಪ್‌ನ ನಾಲ್ಕು ಮೆಟ್ಟಿಲು

ಇಸಾಪ್ ಎಂದರೆ ಎಂಪ್ಲಾಯೀ ಸ್ಟಾಕ್ ಆಪ್ಷನ್: ಇಂದು ನಿಗದಿಯಾದ ಬೆಲೆಗೆ ಮುಂದೊಂದು ದಿನ ಷೇರು ಕೊಳ್ಳುವ ಹಕ್ಕು. ಆ ಹಕ್ಕು ಇರುವಷ್ಟು ದಿನ ನೀವು ಷೇರುದಾರರಲ್ಲ, ಡಿವಿಡೆಂಡ್ ಇಲ್ಲ, ಮತವೂ ಇಲ್ಲ.

ಮೊದಲ ಮೆಟ್ಟಿಲು ಗ್ರಾಂಟ್. ನಿಮಗೆ 1,000 ಆಪ್ಷನ್, ಷೇರಿಗೆ 50 ರೂಪಾಯಿ ಎಂದು ಕಂಪನಿ ಪತ್ರ ಕೊಡುತ್ತದೆ.

ಎರಡನೆಯದು ವೆಸ್ಟಿಂಗ್. ಆಪ್ಷನ್‌ಗಳು ಸ್ವಲ್ಪ ಸ್ವಲ್ಪವಾಗಿ ನಿಮ್ಮವಾಗುತ್ತ ಬರುತ್ತವೆ. ಗ್ರಾಂಟ್‌ಗೂ ಮೊದಲ ವೆಸ್ಟಿಂಗ್‌ಗೂ ನಡುವೆ ಕನಿಷ್ಠ ಒಂದು ವರ್ಷ ಇರಬೇಕೆಂಬುದು ಕಂಪನಿ ಕಾನೂನಿನ ನಿಯಮ. ಹೆಚ್ಚಿನ ಕಡೆ ಅವಧಿ ನಾಲ್ಕು ವರ್ಷ: ಮೊದಲ ವರ್ಷ ಮುಗಿದಾಗ 250, ಉಳಿದ 750 ಮುಂದಿನ 36 ತಿಂಗಳಲ್ಲಿ ಸಮನಾಗಿ. ಈ ಲೆಕ್ಕದಲ್ಲಿ ಹನ್ನೊಂದನೇ ತಿಂಗಳಿಗೆ ಕೆಲಸ ಬಿಟ್ಟರೆ ಸಿಗುವುದು ಸೊನ್ನೆ. ಎರಡೂವರೆ ವರ್ಷಕ್ಕೆ ಬಿಟ್ಟರೆ 625. ನೌಕರರು ತೀರಿಕೊಂಡರೆ ಅದುವರೆಗೆ ಕೊಟ್ಟ ಆಪ್ಷನ್‌ಗಳೆಲ್ಲ ವಾರಸುದಾರರಿಗೆ ಸೇರುತ್ತವೆ ಎಂಬುದು ಮನೆಯವರಿಗೂ ಗೊತ್ತಿರಬೇಕು.

ಮೂರನೆಯದು ಎಕ್ಸರ್‌ಸೈಜ್. ನಿಗದಿಯಾದ ಬೆಲೆ ಕಟ್ಟಿ ಆಪ್ಷನ್ನನ್ನು ಷೇರಾಗಿ ಬದಲಿಸಿಕೊಳ್ಳುವುದು. ನೀವು ನಿಜವಾಗಿ ಷೇರುದಾರರಾಗುವುದು ಅಂದು.

ನಾಲ್ಕನೆಯದು ಮಾರಾಟ. ಲಿಸ್ಟ್ ಆದ ಕಂಪನಿಯಾದರೆ ಡಿಮ್ಯಾಟ್ ಖಾತೆಯಿಂದ ಯಾವತ್ತಾದರೂ ಮಾರಬಹುದು. ಲಿಸ್ಟ್ ಆಗದ ಕಂಪನಿಯಲ್ಲಿ ಕೊಳ್ಳುವವರು ಸಿಗುವವರೆಗೆ ಆ ಷೇರು ಹಣವಾಗುವುದಿಲ್ಲ. ಕಂಪನಿ ತಾನೇ ಮರುಖರೀದಿ ಮಾಡಬೇಕು, ಹೊಸ ಹೂಡಿಕೆದಾರರು ಕೊಳ್ಳಬೇಕು, ಇಲ್ಲವೇ ಐಪಿಒ ಬರಬೇಕು.

ತೆರಿಗೆ: ಮಾರುವ ಮುಂಚೆಯೇ ಬರುವ ಬಿಲ್

ಇಸಾಪ್‌ನಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ. ತೆರಿಗೆ ಎರಡು ಸಲ ಬರುತ್ತದೆ: ಎಕ್ಸರ್‌ಸೈಜ್ ಮಾಡಿದಾಗ ಸಂಬಳದ ಆದಾಯವಾಗಿ, ಮಾರಿದಾಗ ಬಂಡವಾಳ ಲಾಭವಾಗಿ.

ಮೇಲಿನ 1,000 ಆಪ್ಷನ್‌ಗಳನ್ನೇ ತೆಗೆದುಕೊಳ್ಳೋಣ. ಎಲ್ಲವೂ ವೆಸ್ಟ್ ಆಗಿವೆ. ಕಂಪನಿ ಲಿಸ್ಟ್ ಆಗಿಲ್ಲ, ಮರ್ಚೆಂಟ್ ಬ್ಯಾಂಕರ್ ಕಟ್ಟಿದ ನ್ಯಾಯಯುತ ಬೆಲೆ ಷೇರಿಗೆ 400 ರೂಪಾಯಿ. ನೌಕರೆ 50 ರೂಪಾಯಿಯಂತೆ 50,000 ಕಟ್ಟುತ್ತಾರೆ. 400ಕ್ಕೂ 50ಕ್ಕೂ ಇರುವ ವ್ಯತ್ಯಾಸ 350. ಸಾವಿರ ಷೇರಿಗೆ 3,50,000 ರೂಪಾಯಿ ಆ ವರ್ಷದ ಸಂಬಳಕ್ಕೆ ಸೇರುತ್ತದೆ. ಶೇ 30ರ ಸ್ತರದಲ್ಲಿದ್ದರೆ ಶೇ 4 ಸೆಸ್ ಸೇರಿ ತೆರಿಗೆ 1,09,200. ಅಲ್ಲಿಗೆ ಅವರ ಕೈಬಿಟ್ಟದ್ದು 1,59,200 ರೂಪಾಯಿ, ಕೈಗೆ ಬಂದದ್ದು ಸದ್ಯಕ್ಕೆ ಮಾರಲಾಗದ ಷೇರು.

ಎರಡು ವರ್ಷ ಕಳೆದ ಮೇಲೆ ಷೇರು 600ಕ್ಕೆ ಮಾರಾಟವಾಯಿತು ಎನ್ನಿ. ಲಾಭದ ಲೆಕ್ಕ 400ರಿಂದ ಶುರು, 50ರಿಂದಲ್ಲ. ಷೇರಿಗೆ 200ರಂತೆ 2,00,000 ಬಂಡವಾಳ ಲಾಭ. ಲಿಸ್ಟ್ ಆಗದ ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಶೇ 12.5 ತೆರಿಗೆ, ಸೆಸ್ ಸೇರಿ 26,000. ಎಲ್ಲ ಕಳೆದು ಉಳಿಯುವುದು 4,14,800. ಇದು ಒಳ್ಳೆಯ ಫಲವೇ.

ಅದೇ ಷೇರು 150ಕ್ಕೆ ಇಳಿದರೆ? ಬರುವುದು 1,50,000. ಆಗಲೇ ಕೊಟ್ಟಿರುವುದು 1,59,200. ಒಂಬತ್ತು ಸಾವಿರದ ಚಿಲ್ಲರೆ ಕೈಯಿಂದಲೇ ಹೋಯಿತು. ಷೇರು 50ರಿಂದ 150ಕ್ಕೆ ಏರಿದ್ದರೂ ನಷ್ಟ, ಏಕೆಂದರೆ 400ರ ಬೆಲೆಯ ಮೇಲೆ ಕಟ್ಟಿದ ತೆರಿಗೆ ವಾಪಸು ಬರುವುದಿಲ್ಲ. ಬಂಡವಾಳ ನಷ್ಟವನ್ನು ಮುಂದಿನ ಬಂಡವಾಳ ಲಾಭಕ್ಕೆ ಹೊಂದಿಸಬಹುದು, ಸಂಬಳಕ್ಕೆ ಹೊಂದಿಸಲಾಗದು.

ಈ ಹೊರೆ ತಗ್ಗಿಸಲು 2020ರಲ್ಲಿ ತಿದ್ದುಪಡಿ ಬಂತು. ಅರ್ಹ ಸ್ಟಾರ್ಟಪ್‌ಗಳ ನೌಕರರಿಗೆ ಎಕ್ಸರ್‌ಸೈಜ್ ದಿನದ ತೆರಿಗೆಯನ್ನು ಸುಮಾರು ಐದು ವರ್ಷಗಳವರೆಗೆ ಮುಂದೂಡಬಹುದು. ಅದಕ್ಕೂ ಮೊದಲೇ ಷೇರು ಮಾರಿದರೆ ಅಥವಾ ಕೆಲಸ ಬಿಟ್ಟರೆ ಆಗಲೇ ಕಟ್ಟಬೇಕು. ಸ್ಟಾರ್ಟಪ್ ಎಂದು ಸರ್ಕಾರದಲ್ಲಿ ನೋಂದಾಯಿಸಿಕೊಂಡ ಮಾತ್ರಕ್ಕೆ ಈ ಸೌಲಭ್ಯ ಸಿಗುವುದಿಲ್ಲ. ತೆರಿಗೆ ರಿಯಾಯಿತಿಗೆ ಬೇಕಾದ ಪ್ರತ್ಯೇಕ ಪ್ರಮಾಣಪತ್ರ ಕಂಪನಿಯ ಬಳಿ ಇರಬೇಕು. ಅದು ಇದೆಯೇ ಎಂದು ಎಚ್‌ಆರ್ ಬಳಿ ಕೇಳಿ.

ಪಾಲು ಕರಗುವ ಜಾಗಗಳು

ಸಾವಿರ ಆಪ್ಷನ್ ಎಂಬ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. ಕಂಪನಿಯಲ್ಲಿ ಒಟ್ಟು 10 ಲಕ್ಷ ಷೇರಿದ್ದರೆ ಅದು ಶೇ 0.1, ಒಂದು ಕೋಟಿ ಇದ್ದರೆ ಶೇ 0.01. ಪ್ರತಿ ಸುತ್ತಿನ ಹೂಡಿಕೆಯಲ್ಲೂ ಹೊಸ ಷೇರುಗಳು ಹುಟ್ಟಿ ನಿಮ್ಮ ಶೇಕಡಾವಾರು ಪಾಲು ಸಣ್ಣದಾಗುತ್ತ ಹೋಗುತ್ತದೆ.

ಹೂಡಿಕೆದಾರರ ಆದ್ಯತೆ ಇನ್ನೊಂದು ವಿಷಯ. ಅವರ ಒಪ್ಪಂದಗಳಲ್ಲಿ, ಕಂಪನಿ ಮಾರಾಟವಾದರೆ ಮೊದಲು ತಮ್ಮ ಹಣ ತೆಗೆದುಕೊಳ್ಳುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. 80 ಕೋಟಿ ಹೂಡಿಕೆ ಪಡೆದ ಕಂಪನಿ 100 ಕೋಟಿಗೆ ಮಾರಾಟವಾಗಿ, ಹೂಡಿಕೆದಾರರು ಆ ಹಕ್ಕು ಚಲಾಯಿಸಿದರೆ, ಸಂಸ್ಥಾಪಕರಿಗೂ ನೌಕರರಿಗೂ ಸೇರಿ ಉಳಿಯುವುದು 20 ಕೋಟಿ. ಪತ್ರಿಕೆಯಲ್ಲಿ ಬಂದ 100 ಕೋಟಿಯನ್ನು ನಿಮ್ಮ ಶೇಕಡಾವಾರಿನಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಕೆಲಸ ಬಿಟ್ಟ ಮೇಲಿನ ಗಡುವು ಮತ್ತೊಂದು. ವೆಸ್ಟ್ ಆದ ಆಪ್ಷನ್‌ಗಳನ್ನೂ ಬಿಟ್ಟ ಮೂರು ತಿಂಗಳೊಳಗೆ ಎಕ್ಸರ್‌ಸೈಜ್ ಮಾಡಬೇಕು ಎನ್ನುವ ಕಂಪನಿಗಳು ಬಹಳ. ಮೇಲಿನ ಉದಾಹರಣೆಯ ಒಂದೂವರೆ ಲಕ್ಷವನ್ನು ಮೂರು ತಿಂಗಳಲ್ಲಿ ಹೊಂದಿಸಲಾಗದವರು ನಾಲ್ಕು ವರ್ಷ ದುಡಿದು ಗಳಿಸಿದ್ದನ್ನು ಬಿಟ್ಟು ಹೋಗಬೇಕಾಗುತ್ತದೆ. ಕೆಲವು ಕಂಪನಿಗಳು ಈ ಗಡುವನ್ನು ವರ್ಷಗಳಿಗೆ ವಿಸ್ತರಿಸಿವೆ. ಅದು ನ್ಯಾಯದ ಕ್ರಮ; ಎಲ್ಲರೂ ಅನುಸರಿಸಬೇಕಾದದ್ದು.

ಮನಸ್ಸು ಮಾಡಿದರೆ ಲಿಸ್ಟ್ ಆಗದ ಕಂಪನಿಯೂ ನೌಕರರಿಗೆ ಹಣ ತಲುಪಿಸಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಫೋನ್‌ಪೇ ಬೇರ್ಪಟ್ಟ ಮೇಲೆ, 2023ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಇಸಾಪ್ ಹೊಂದಿದವರಿಗೆ ಒಟ್ಟು ಸುಮಾರು 70 ಕೋಟಿ ಡಾಲರ್ ನಗದು ಹಂಚಿತು. ಬೇರ್ಪಡೆಯಿಂದ ಅವರ ಆಪ್ಷನ್‌ಗಳ ಮೌಲ್ಯ ಕುಗ್ಗಿದ್ದಕ್ಕೆ ಅದು ಪರಿಹಾರ.

ಮೂರೂ ಪಾಲು ಒಟ್ಟಿಗೆ ಸಿಗುವ ಜಾಗ

ಲಾಭ, ಒಡೆತನ, ಆಡಳಿತ ಮೂರೂ ದುಡಿಯುವವರ ಕೈಯಲ್ಲೇ ಇರುವ ಸಂಸ್ಥೆಗಳು ಇವೆ: ಕಾರ್ಮಿಕರ ಸಹಕಾರ ಸಂಘಗಳು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿರುವ ಇಂಡಿಯಾ ಕಾಫಿ ಹೌಸ್ ಇದಕ್ಕೆ ಸಾಕ್ಷಿ. 2009ರವರೆಗೆ ಅದು ಎಂ.ಜಿ. ರಸ್ತೆಯಲ್ಲಿತ್ತು. ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಬೀದಿಗೆ ಬಂದರು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಆ ಕಾರ್ಮಿಕರೇ ಸಂಘ ಕಟ್ಟಿ ಹೋಟೆಲ್ ನಡೆಸಲು ಮುಂದಾದರು. ಇಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಮೊದಲ ಸಂಘವೇ ನಮ್ಮ ಊರಿನದು ಎಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ವಿಷಯ.

ಕೇರಳದ ವಡಕರ ಬಳಿಯ ಉರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಸಹಕಾರ ಸಂಘ ಇನ್ನೂ ಹಳೆಯದು. ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ ಶುರುವಾದ ಕೂಲಿಕಾರರ ಸಂಘ ಇಂದು ರಸ್ತೆ, ಸೇತುವೆ ಕಟ್ಟುತ್ತದೆ, ಕೋಯಿಕ್ಕೋಡ್‌ನಲ್ಲಿ ಐಟಿ ಪಾರ್ಕನ್ನೂ ನಡೆಸುತ್ತದೆ.

ಸಹಕಾರ ಸಂಘದ ಮೂಲ ನಿಯಮ, ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಆಡಳಿತ ಮಂಡಳಿಯನ್ನು ಸದಸ್ಯರು ಚುನಾಯಿಸುತ್ತಾರೆ, ಲೆಕ್ಕಪತ್ರ ವಾರ್ಷಿಕ ಮಹಾಸಭೆಯ ಮುಂದೆ ಬರುತ್ತದೆ. ಲಾಭದ ಒಂದು ಭಾಗ ಮೀಸಲು ನಿಧಿಗೆ ಹೋಗಿ, ಉಳಿದದ್ದು ನಿಯಮದಂತೆ ಹಂಚಿಕೆಯಾಗುತ್ತದೆ. ಷೇರನ್ನು ಹೊರಗಿನವರಿಗೆ ಏರಿದ ಬೆಲೆಗೆ ಮಾರುವಂತಿಲ್ಲ. ಆದ್ದರಿಂದ ಇಲ್ಲಿ ಯಾರೂ ರಾತ್ರೋರಾತ್ರಿ ಕೋಟ್ಯಧಿಪತಿಗಳಾಗುವುದಿಲ್ಲ; ದೊಡ್ಡ ಬಂಡವಾಳ ತರುವುದೂ ಕಷ್ಟ. ಸಿಗುವುದು ಕೆಲಸದ ಭದ್ರತೆ, ಮತ್ತು ತಮ್ಮ ದುಡಿಮೆಯ ಫಲ ಎಲ್ಲಿ ಹೋಗಬೇಕೆಂದು ತೀರ್ಮಾನಿಸುವ ಹಕ್ಕು.

ಸಣ್ಣ ಉದ್ದಿಮೆಯ ಮಾಲೀಕರು ಏನು ಮಾಡಬಹುದು?

ಷೇರು ಕೊಡಲು ಕಂಪನಿಯೇ ಆಗಿರಬೇಕು. ಆದರೆ ಲಾಭ ಹಂಚಲು ಆ ಅಡ್ಡಿಯಿಲ್ಲ. ಲಾಭದಲ್ಲಿ ಪಾಲು ಕೊಟ್ಟರೆ ನೌಕರ ಪಾಲುದಾರನಾಗಿಬಿಡುತ್ತಾನೆ ಎಂಬ ಹೆದರಿಕೆ ಹಲವರಿಗಿದೆ. ಸಂಬಳದ ರೂಪದಲ್ಲಿ ಲಾಭದ ಪಾಲು ಪಡೆದ ಮಾತ್ರಕ್ಕೆ ನೌಕರ ಪಾಲುದಾರನಾಗುವುದಿಲ್ಲ ಎಂದು 1932ರ ಪಾಲುದಾರಿಕೆ ಕಾಯ್ದೆಯೇ ಸ್ಪಷ್ಟವಾಗಿ ಹೇಳುತ್ತದೆ.

ಪೀಣ್ಯದಲ್ಲಿ 15 ಜನರ ಮೆಷಿನ್ ಶಾಪ್ ಇದೆ ಎಂದುಕೊಳ್ಳಿ. ವರ್ಷದ ಲಾಭ 20 ಲಕ್ಷ ದಾಟಿದರೆ, ದಾಟಿದ ಮೊತ್ತದ ಶೇ 10 ನೌಕರರ ನಿಧಿಗೆ ಎಂದು ಏಪ್ರಿಲ್‌ನಲ್ಲೇ ಬರೆದು ಸಹಿ ಹಾಕಿ. ಲಾಭ 32 ಲಕ್ಷ ಬಂದರೆ ನಿಧಿ 1,20,000. ಅರ್ಧವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ತಲಾ 4,000. ಉಳಿದ 60,000 ಸಂಬಳದ ಅನುಪಾತದಲ್ಲಿ. ಹೆಲ್ಪರ್‌ಗೂ ಗೌರವ ಉಳಿಯುತ್ತದೆ, ಅನುಭವಿ ಟರ್ನರ್‌ಗೂ ನ್ಯಾಯ ಸಿಗುತ್ತದೆ. ಸೂತ್ರವನ್ನು ವರ್ಷದ ಮೊದಲೇ ಹೇಳಬೇಕು, ಲಾಭದ ಅಂಕಿಯನ್ನು ಆಡಿಟ್ ಆದ ಲೆಕ್ಕದಿಂದಲೇ ತೆಗೆದು ಎಲ್ಲರಿಗೂ ತೋರಿಸಬೇಕು. ಲೆಕ್ಕ ಮುಚ್ಚಿಟ್ಟು ಹಂಚಿದ ಹಣ ಎಷ್ಟೇ ದೊಡ್ಡದಿದ್ದರೂ ಅನುಮಾನ ಹುಟ್ಟಿಸುತ್ತದೆ.

ಷೇರು ಕೈಬಿಡಲು ಇಷ್ಟವಿಲ್ಲದ ಕೌಟುಂಬಿಕ ಕಂಪನಿಗಳಿಗೆ ಫ್ಯಾಂಟಮ್ ಸ್ಟಾಕ್ ಎಂಬ ದಾರಿಯಿದೆ: ಷೇರು ಕೊಡದೆ, ಅದರ ಬೆಲೆ ಏರಿದಷ್ಟು ಮೊತ್ತವನ್ನು ನಿಗದಿತ ದಿನ ನಗದಾಗಿ ಕೊಡುವುದು. ಇಸಾಪ್ ಕೊಡುವ ಕಂಪನಿಗೂ ತೆರಿಗೆಯಲ್ಲಿ ಅನುಕೂಲವಿದೆ. ರಿಯಾಯಿತಿ ಬೆಲೆಗೆ ಷೇರು ಕೊಟ್ಟಾಗಿನ ವ್ಯತ್ಯಾಸವನ್ನು ವ್ಯವಹಾರದ ಖರ್ಚಾಗಿ ತೋರಿಸಬಹುದು ಎಂದು 2020ರಲ್ಲಿ ಬಯೋಕಾನ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ.

ಸಹಿ ಹಾಕುವ ಮುಂಚೆ ಕೇಳಿ

ಇಸಾಪ್ ಇರುವ ಆಫರ್ ಬಂದರೆ ಈ ಆರು ಪ್ರಶ್ನೆಗಳಿಗೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ:

1. ಆಪ್ಷನ್ ಎಷ್ಟು, ಕಂಪನಿಯ ಎಲ್ಲ ಷೇರು ಮತ್ತು ಆಪ್ಷನ್ ಸೇರಿ ಒಟ್ಟು ಎಷ್ಟು?

2. ಎಕ್ಸರ್‌ಸೈಜ್ ಬೆಲೆ ಎಷ್ಟು? ಪತ್ರದಲ್ಲಿ ಬರೆದ ಮೌಲ್ಯದಲ್ಲಿ ಅದನ್ನು ಕಳೆದಿದ್ದಾರೆಯೇ?

3. ವೆಸ್ಟಿಂಗ್ ಎಷ್ಟು ವರ್ಷ, ಯಾವ ಲೆಕ್ಕದಲ್ಲಿ?

4. ಕೆಲಸ ಬಿಟ್ಟರೆ ಎಕ್ಸರ್‌ಸೈಜ್‌ಗೆ ಎಷ್ಟು ಕಾಲಾವಕಾಶ?

5. ಇದುವರೆಗೆ ಮರುಖರೀದಿ ನಡೆದಿದೆಯೇ? ಮಾಜಿ ನೌಕರರಿಗೂ ಅವಕಾಶ ಇತ್ತೇ?

6. ತೆರಿಗೆ ಮುಂದೂಡುವ ಸೌಲಭ್ಯ ಈ ಕಂಪನಿಗೆ ಇದೆಯೇ?

ನೇರ ಉತ್ತರ ಬಂದರೆ ಆ ಪಾಲಿಗೆ ಬೆಲೆ ಕಟ್ಟಬಹುದು. ಬರದಿದ್ದರೆ ಅದನ್ನು ಸೊನ್ನೆ ಎಂದೇ ಹಿಡಿದು, ಕೈಗೆ ಬರುವ ಸಂಬಳದ ಮೇಲೆ ಮಾತುಕತೆ ನಡೆಸಿ. ಮಾಲೀಕರಿಗೂ ಇದೇ ಅಳತೆ ಸಲ್ಲುತ್ತದೆ: ಈ ಆರು ಪ್ರಶ್ನೆಗಳಿಗೆ ಕೇಳುವ ಮೊದಲೇ ಬರಹದಲ್ಲಿ ಉತ್ತರ ಕೊಡುವ ಸಂಸ್ಥೆ ಮಾತ್ರ ತನ್ನ ನೌಕರರಿಗೆ ನಿಜವಾಗಿ ಪಾಲು ಕೊಡುತ್ತಿದೆ.